ಉಪ್ಪಿನ ದಡಕ್ಕೆ ಬಂದ ಹಳದಿ ಚೀಟಿಯ ಪೆಟ್ಟಿಗೆ

ನಮ್ಮೂರಿನಲ್ಲಿ ಬೆಳಗಾಗುವುದು ಒಂದೊಂದು ದಿನ ಒಂದೊಂದು ಕಿಟಕಿಯಲ್ಲಿ. ನಿನ್ನೆ ಅಡುಗೆಮನೆಯಲ್ಲಿ ಹುಟ್ಟಿದ ಸೂರ್ಯ ಇವತ್ತು ಬಚ್ಚಲಿನ ಗವಾಕ್ಷಿಯಲ್ಲಿ ಹುಟ್ಟಬಹುದು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಒಣಹಾಕಿದ ಮೆಣಸಿನ ಚಾಪೆಯನ್ನು ಬಿಸಿಲಿದ್ದ ಕಡೆಗೆ ಎಳೆದುಕೊಳ್ಳುತ್ತಾರೆ, ಅಷ್ಟೆ. ಸುತ್ತ ಸಮುದ್ರ, ನಡುವೆ ಊರು. ಜನ ಯಾವ ದಡದಲ್ಲಿ ಹೆಚ್ಚು ಸೇರುತ್ತಾರೋ ಊರು ಮೆಲ್ಲಗೆ ಆ ದಿಕ್ಕಿಗೆ ಹೊರಡುತ್ತದೆ. ಬೆಲ್ಲದ ದಡದ ಟೆಂಟಿನಲ್ಲಿ ಒಳ್ಳೆಯ ಸಿನಿಮಾ ಬಂತೆನ್ನಿ, ಅದು ಬದಲಾಗುವಷ್ಟರಲ್ಲಿ ಸುತ್ತಲಿನ ನೀರಿನ ಬಣ್ಣವೇ ಬೇರೆಯಾಗಿರುತ್ತದೆ. ಎದುರಿನ ಉಪ್ಪಿನ ದಡದಲ್ಲಿ ಮದುವೆಯಾದರೆ ಊರಿಡೀ ಆ ಕಡೆ ತೇಲುತ್ತದೆ, ಹಾಗಾಗಿ ಮೀನಿಗೆ ಹೋಗುವವರು ದೋಣಿ ಇಳಿಸುವ ಮೊದಲು ಗಾಳಿ ಹೇಗಿದೆ ಎಂದು ಕೇಳುವುದಿಲ್ಲ, "ಇವತ್ತು ಊಟ ಯಾರ ಮನೆಯಲ್ಲಿ?" ಎಂದು ಕೇಳುತ್ತಾರೆ. ಅದು ಗೊತ್ತಿಲ್ಲದಿದ್ದರೆ ಸಂಜೆ ವಾಪಸು ಬರುವಾಗ ಊರು ಸಿಗುವುದಿಲ್ಲ.

ಹಡಗು ಬಂದಾಗ ಅದನ್ನು ಹಿಡಿಯುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಉಂಟು, ದಡಕೂಟ ಎನ್ನುತ್ತಾರೆ. ಬಂದರು ಕಚೇರಿಯ ಗಂಟೆ ಬಾರಿಸಿದರೆ ಸಾಕು, ಜನ ಚಾಪೆ ತೆಗೆದುಕೊಂಡು, ಬುತ್ತಿ ಕಟ್ಟಿಕೊಂಡು ಉಪ್ಪಿನ ದಡಕ್ಕೆ ಬಂದು ಕೂರುತ್ತಾರೆ. ದಕ್ಕೆ ಇರುವುದು ಅಲ್ಲಿಯೇ, ಹಡಗು ತಾಗುವುದೂ ಅಲ್ಲಿಯೇ. ಬೆಳ್ಳುಳ್ಳಿ ಸುಲಿಯುವವರು ಸುಲಿಯುತ್ತಾರೆ, ನಾದಿನಿಯನ್ನು ಬೈಯುವವರು ಬೈಯುತ್ತಾರೆ, ಊರು ತನ್ನ ಪಾಡಿಗೆ ಹಡಗಿನ ಹತ್ತಿರ ಹೋಗಿ ನಿಲ್ಲುತ್ತದೆ. ಆ ಗಂಟೆ ಬಾರಿಸುವವಳು, ವೈರ್‌ಲೆಸ್‌ನಲ್ಲಿ ಹಡಗಿನವರ ಹತ್ತಿರ ಮಾತಾಡುವವಳು, ಮೈಕಿನಲ್ಲಿ ಊರಿಗೆ ಸುದ್ದಿ ಹೇಳುವವಳು ನಾನು, ಜಲಜ. ಮಾತು ನನಗೆ ಯಾವತ್ತೂ ಸ್ವಲ್ಪ ಹೆಚ್ಚೇ. ಮೈಕ್ ಕೊಟ್ಟವರು ಯಾರೋ, ಅವರಿಗೆ ಪುಣ್ಯ ಬರಲಿ.

ನನ್ನ ಅಕ್ಕ ವಾರಿಜ ಟೈಲರ್. ಊರಿನ ಅರ್ಧದಷ್ಟು ರವಿಕೆಗಳು ಅವಳ ಕೈಯಲ್ಲೇ ಹುಟ್ಟಿದವು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಬೈದು, ಹೊಡೆದು, ತಲೆ ಬಾಚಿ ದೊಡ್ಡದು ಮಾಡಿದವಳು ಅವಳೇ. ಬೇಸಿಗೆಯ ಶುರುವಿಗೆ ಅವಳ ಕಿಬ್ಬೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಆಸ್ಪತ್ರೆಯ ಡಾಕ್ಟರ್ ಲವೀನಾ ನಮ್ಮಿಬ್ಬರನ್ನು ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದರು. ಗಡ್ಡೆ ಕೊಯ್ದು ತೆಗೆಯುವ ಜಾಗದಲ್ಲಿಲ್ಲ, ಕೋಬಾಲ್ಟ್ ಮೆಶಿನ್ನಿನ ಅಡಿಯಲ್ಲಿ ಮಲಗಿಸಿ ಕಿರಣ ಕೊಡಬೇಕು, ಕೊಟ್ಟರೆ ವಾಸಿಯಾಗುವ ಹಂತದಲ್ಲೇ ಇದೆ, ಆದರೆ ಮಳೆ ಹಿಡಿಯುವುದರೊಳಗೆ ಶುರುವಾಗಬೇಕು. ತೊಂದರೆ ಇದ್ದದ್ದು ಮೆಶಿನ್ನಿನಲ್ಲಿ. ಅದರೊಳಗಿನ ಕೋಬಾಲ್ಟ್ ಹಳತಾಗಿತ್ತು.

"ಅದು ಹೇಗೆ ಗೊತ್ತುಂಟಾ ವಾರಿಜಾ," ಎಂದರು ಡಾಕ್ಟರು, "ಹಚ್ಚಿದ್ರೂ ಹಚ್ಚದಿದ್ರೂ ಎಣ್ಣೆ ತೀರಿಹೋಗುವ ದೀಪ ಅದು. ಈಗ ಅದರ ಅಡಿಯಲ್ಲಿ ನಿಮ್ಮನ್ನು ಮಲಗಿಸಿದ್ರೆ ಎಷ್ಟು ಹೊತ್ತು ಮಲಗಿಸಿದ್ರೂ ಸಾಕಾಗುದಿಲ್ಲ. ಹೊಸ ಕೋಬಾಲ್ಟಿಗೆ ಹೇಳಿಯಾಗಿದೆ. ಹಡಗಲ್ಲಿ ಬರ್ಬೇಕು."

"ಬೇರೆ ಊರಿನ ಆಸ್ಪತ್ರೆಗೆ ಹೋಗ್ಬಹುದಲ್ವಾ?" ಎಂದು ನಾನು ಬಾಯಿ ಹಾಕಿದೆ.

"ಹೋಗ್ಬಹುದು," ಎಂದಳು ಅಕ್ಕ. "ಹೋಗಿ ಬರುವಾಗ ನೀವೆಲ್ಲ ಎಲ್ಲಿ ತೇಲ್ತಾ ಇರ್ತೀರೋ. ನಾನು ಬದುಕಿ ಬಂದು ಸಮುದ್ರದ ಮಧ್ಯ ನಿಂತು ನಿಮ್ಮನ್ನು ಹುಡುಕುದಾ? ಇಲ್ಲೇ ಕಾಯುವ."

ಹಾಗೆ ಕಾದೆವು. ಕಾಯುವಾಗ ಸುಮ್ಮನಿರಲು ಬಾರದೆ ನಾನು ಕಚೇರಿಯಲ್ಲಿದ್ದ ದಪ್ಪ ಪುಸ್ತಕ ಓದತೊಡಗಿದೆ, ಸಮುದ್ರದ ಮೇಲೆ ಅಪಾಯದ ಸರಕು ಸಾಗಿಸಲು ಎಲ್ಲ ದೇಶಗಳೂ ಒಪ್ಪಿಕೊಂಡ ನಿಯಮಗಳ ಪುಸ್ತಕ. ಎಂಥ ಪುಸ್ತಕ ಅಂತೀರಿ! ಪಟಾಕಿಗೆ ಒಂದು ಅಧ್ಯಾಯ, ವಿಷಕ್ಕೆ ಒಂದು, ಆಸಿಡ್ಡಿಗೆ ಒಂದು, ವಿಕಿರಣದ ಸರಕಿಗೆ ಒಂದು. ಒಳಗಿನ ವಸ್ತು ಹೆಬ್ಬೆರಳಿನಷ್ಟಿದ್ದರೂ ಅದನ್ನು ಹೊರುವ ಪೆಟ್ಟಿಗೆ ಸೀಸ ಮತ್ತು ಉಕ್ಕಿನಿಂದ ಮಾಡಿದ್ದು, ಆನೆಯಷ್ಟು ತೂಕ. ಅಂಥ ಪೆಟ್ಟಿಗೆಯ ಮಾದರಿಯನ್ನು ಮಹಡಿ ಎತ್ತರದಿಂದ ಉಕ್ಕಿನ ನೆಲಕ್ಕೆ ಬೀಳಿಸುತ್ತಾರೆ, ಮೊಳೆಯಂಥ ಕಂಬದ ಮೇಲೆ ಕೆಡವುತ್ತಾರೆ, ಧಗಧಗ ಉರಿಯುವ ಬೆಂಕಿಯಲ್ಲಿ ಇಡುತ್ತಾರೆ, ನೀರಿನಲ್ಲಿ ಮುಳುಗಿಸುತ್ತಾರೆ. ಇಷ್ಟಾದರೂ ಒಳಗಿನದನ್ನು ಬಿಟ್ಟುಕೊಡದಿದ್ದರೆ ಮಾತ್ರ ಹಡಗು ಹತ್ತಿಸಲು ಒಪ್ಪಿಗೆ. ನಾನು ಇದನ್ನು ಓದಿ ಹೇಳಿದಾಗ ಅಕ್ಕ ಸೂಜಿಗೆ ನೂಲು ಪೋಣಿಸುತ್ತ, "ಸೊಸೆಯನ್ನು ಇಷ್ಟು ಪರೀಕ್ಷೆ ಮಾಡಿದ ಅತ್ತೆಯರು ಈ ಊರಲ್ಲೂ ಇದ್ದಾರೆ," ಎಂದಳು.

ಒಂದು ಬೆಳಿಗ್ಗೆ ವೈರ್‌ಲೆಸ್ ಗರಗರ ಎಂದಿತು.

"ನಾನು ಕಪ್ತಾನ ಹಸನಬ್ಬ. ಕೋಬಾಲ್ಟ್ ತಂದಿದ್ದೇನೆ. ನಿಮ್ಮ ಊರು ಎಲ್ಲುಂಟು?"

"ಇಲ್ಲೇ ಉಂಟು," ಎಂದೆ.

"ಇಲ್ಲೇ ಅಂದ್ರೆ ಎಲ್ಲಿ?"

"ನೀವು ಎಲ್ಲಿದ್ದೀರಿ ಹೇಳಿ, ನಾವೇ ಬರ್ತೇವೆ."

ಕಪ್ತಾನರ ದನಿ ಮೆತ್ತಗಾಯಿತು. "ಬರ್ತೇವೆ ಅಂತ ಹೇಳಿದ್ದು ನೀವು ಒಬ್ರೇ ತಂಗೀ. ದಾರಿಯ ಬಂದರುಗಳಲ್ಲಿ ಒಬ್ಬನೂ ಒಳಗೆ ಬಿಡ್ಲಿಲ್ಲ. ಕಾಗದ ಸರಿ ಉಂಟು, ಪೆಟ್ಟಿಗೆ ಸರಿ ಉಂಟು, ಮೀಟರ್ ಹಿಡಿದು ನೋಡಿ ಅಂದೆ. ನೋಡ್ಲಿಕ್ಕೂ ಬರ್ಲಿಲ್ಲ. ಹಳದಿ ಚೀಟಿ ಕಂಡ ಕೂಡ್ಲೆ ಹೋಗು ಹೋಗು ಅಂತ ಕೈ ಬೀಸುದು. ಕುಡಿಯುವ ನೀರು ಸಹ ಕೊಡ್ಲಿಲ್ಲ."

ನನಗೆ ಸಂತೋಷ ಹೇಳತೀರದು. ಗಂಟೆ ಬಾರಿಸಿದೆ, ಜನ ಬಂದು ಕೂತರು, ಊರು ಹಡಗಿನ ಕಡೆ ಹೊರಟಿತು. ಮೈಕ್ ಹಿಡಿದೆ, ಹಿಡಿದವಳು ಬಿಡಲಿಲ್ಲ. ಪೆಟ್ಟಿಗೆಯ ಮೇಲೆ ಹಳದಿ ಚೀಟಿ ಇರುತ್ತದೆ, ಅದರಲ್ಲಿ ಮೂರು ರೆಕ್ಕೆಯ ಫ್ಯಾನಿನಂಥ ಗುರುತು ಇರುತ್ತದೆ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ, ಅಂಕಿ ದೊಡ್ಡದಾದಷ್ಟೂ ಜನ ವಾಸಿಸುವ ಕೋಣೆಗಳಿಂದ ದೂರ ಇಡಬೇಕು, ತೊಳೆಯದ ಫೋಟೋ ಫಿಲ್ಮಿನಿಂದ ಇನ್ನೂ ದೂರ ಇಡಬೇಕು, ಇಲ್ಲದಿದ್ದರೆ ಫಿಲ್ಮ್ ಮಸುಕಾಗುತ್ತದೆ ಎಂದು ಪುಸ್ತಕದಲ್ಲಿದ್ದದ್ದನ್ನೆಲ್ಲ ಅರಳು ಹುರಿದ ಹಾಗೆ ಹೇಳಿದೆ. ಜನರಿಗೂ ನನ್ನಷ್ಟೇ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

ಮೊದಲು ಓಡಿಬಂದವರು ಸ್ಟುಡಿಯೋ ವಾಮನಣ್ಣ. ಊರಿನ ಫೋಟೋಗಳನ್ನೆಲ್ಲ ಈಗಲೂ ಫಿಲ್ಮಿನಲ್ಲೇ ತೆಗೆಯುವವರು, ಭಾರೀ ಆಳು, ಓಡಿದರೆ ದಕ್ಕೆಯ ಹಲಗೆ ಕಿರುಗುಟ್ಟುತ್ತದೆ. "ಜಲಜಾ, ನನ್ನ ಫಿಲ್ಮಿನ ವಿಷಯ ಎಲ್ಲ ದೇಶದ ಕಾನೂನಲ್ಲಿ ಉಂಟಾ? ನಿಜವಾ?"

"ಉಂಟು ವಾಮನಣ್ಣ, ಪಟ್ಟಿ ಹಾಕಿ ಬರ್ದಿದ್ದಾರೆ."

"ನೋಡು! ಮನೆಯಲ್ಲಿ ಹೆಂಡತಿ ನನ್ನ ಫಿಲ್ಮಿಗೆ ಕವಡೆ ಕಾಸಿನ ಮರ್ಯಾದೆ ಕೊಡುದಿಲ್ಲ," ಎಂದು ಎದೆಯುಬ್ಬಿಸಿ, ಫಿಲ್ಮಿನ ಡಬ್ಬಗಳನ್ನೆಲ್ಲ ಕೈಗಾಡಿಯಲ್ಲಿ ತುಂಬಿಸಿಕೊಂಡು, ಪೇಟೆಯ ನಡುವೆ ಎಲ್ಲರಿಗೂ ಕಾಣುವಂತೆ ತಳ್ಳಿಕೊಂಡು ಬೆಲ್ಲದ ದಡಕ್ಕೆ ಹೋದರು. ಅವರು ಮಾಡಿದ್ದು ಸರಿಯೇ. ಆದರೆ ಕೈಗಾಡಿ ನೋಡಿದವರ ಮನಸ್ಸಿನಲ್ಲಿ ಒಂದೇ ಮಾತು ಸುಳಿದಿರಬೇಕು: ಫಿಲ್ಮಿಗೇ ಇಷ್ಟಾದರೆ ಮನುಷ್ಯರಿಗೆ?

ಆಮೇಲೆ ನಡೆದದ್ದು ನಮ್ಮೂರಿನವರಿಂದ ಮಾತ್ರ ಸಾಧ್ಯ. ಯಾರೂ ಹೆದರಿದ್ದೇನೆ ಎನ್ನಲಿಲ್ಲ. ಬೊಬ್ಬೆಯಿಲ್ಲ, ನೂಕುನುಗ್ಗಲಿಲ್ಲ. ಹೋಟೆಲಿನ ಕಾಮತರು, ಉಪ್ಪಿನ ದಡದಲ್ಲಿ ಗಾಳಿ ಜಾಸ್ತಿ, ಒಲೆ ಹತ್ತುವುದಿಲ್ಲ ಎಂದು ದೋಸೆಕಲ್ಲು ಹೊತ್ತುಕೊಂಡು ಆಚೆ ದಡಕ್ಕೆ ಹೋದರು. ಶಾಲೆಯ ಮೇಡಂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೆಲ್ಲದ ದಡದಲ್ಲಿ ಚಿಟ್ಟೆ ತೋರಿಸಲು ಕರೆದುಕೊಂಡು ಹೋದರು. ಊರಿನ ಯಜಮಾನಿಕೆ ನೋಡುವ ಗುರಿಕಾರ ಅಂಗಾರಣ್ಣನ ಹೆಂಡತಿ ಅಪ್ಪಿಯಕ್ಕನಿಗೆ ಇದ್ದಕ್ಕಿದ್ದ ಹಾಗೆ ತಮ್ಮನ ಮನೆಯಲ್ಲಿ ಹಪ್ಪಳ ಮಾಡುವ ಕೆಲಸ ನೆನಪಾಯಿತು. ನಾನೊಬ್ಬಳು ಹೋದರೆ ಊರು ಏನು ಕದಲುತ್ತದೆಯೇ ಎಂದು ಪ್ರತಿಯೊಬ್ಬರೂ ಅಂದುಕೊಂಡಿರಬೇಕು. ದಾರಿಯಲ್ಲಿ ಎದುರಾದವರು ಒಬ್ಬರ ನೆಪವನ್ನು ಇನ್ನೊಬ್ಬರು ಕೇಳಿ, "ಹೌದು ಹೌದು, ಗಾಳಿ ಭಾರೀ ಉಂಟು," ಎಂದು ತಲೆಯಾಡಿಸಿ ಮುಂದೆ ಹೋದರು.

ಹೊತ್ತು ಕಂತುವಾಗ ವೈರ್‌ಲೆಸ್ ಮತ್ತೆ ಮಾತಾಡಿತು. "ತಂಗೀ," ಎಂದರು ಹಸನಬ್ಬ, "ನೀವು ಬರ್ತೇವೆ ಅಂದವರು ಯಾಕೆ ಹಿಂದೆ ಹೋಗ್ತಾ ಇದ್ದೀರಿ?"

ಓಡಿಹೋಗಿ ದಕ್ಕೆಯ ತುದಿಯಲ್ಲಿ ನಿಂತು ನೋಡಿದೆ. ಮಧ್ಯಾಹ್ನ ಹಡಗಿನ ಕಂಬಿಯ ಮೇಲೆ ಒಣಗುತ್ತಿದ್ದ ಅಂಗಿಗಳು ಕಾಣುತ್ತಿದ್ದವು, ಈಗ ಹಡಗೇ ಒಂದು ಬೆಂಕಿಪೊಟ್ಟಣದಷ್ಟಾಗಿತ್ತು. ನಮ್ಮ ದಡದಿಂದ ನೀರು ಸದ್ದಿಲ್ಲದೆ ಹಿಂದಕ್ಕೆ ಜಾರುತ್ತಿತ್ತು, ಕನಸಿನಲ್ಲಿ ಮೆಟ್ಟಿಲು ಜಾರುವ ಹಾಗೆ.

"ಬೆನ್ನಟ್ಟಿ ಬನ್ನಿ ಕಪ್ತಾನರೇ!" ಎಂದು ಕೂಗಿದೆ.

"ಡೀಸೆಲ್ ದಾರಿಯ ದೊಡ್ಡ ಬಂದರಿನವರೆಗೆ ವಾಪಸು ಹೋಗ್ಲಿಕ್ಕೆ ಬೇಕಾದಷ್ಟೇ ಉಂಟು. ಓಡುವ ಊರನ್ನು ಹಿಡಿಯುವ ಹಡಗು ನನ್ನದಲ್ಲ. ನಾಳೆ ಸಂಜೆವರೆಗೆ ಇಲ್ಲೇ ನಿಲ್ತೇನೆ. ಅಷ್ಟರಲ್ಲಿ ಬಂದ್ರೆ ಕೊಟ್ಟು ಹೋಗ್ತೇನೆ. ಬರದಿದ್ರೆ ಪೆಟ್ಟಿಗೆಯನ್ನು ಕಳಿಸಿದವರಿಗೇ ವಾಪಸು ಮುಟ್ಟಿಸ್ಬೇಕು, ನಿಯಮ ಹಾಗೆ. ಇನ್ನೊಮ್ಮೆ ಇದನ್ನು ಹೊರ್ಲಿಕ್ಕೆ ಯಾವ ಹಡಗು ಒಪ್ತದೋ ನಂಗೆ ಗೊತ್ತಿಲ್ಲ."

ಮರುದಿನ ಬೆಳಕಾದ ಕೂಡಲೆ ಕೈ ನೋಯುವವರೆಗೆ ಗಂಟೆ ಬಾರಿಸಿದೆ. ಬಂದವರು ಡಾಕ್ಟರ್ ಲವೀನಾ ಮತ್ತು ಗುರಿಕಾರ ಅಂಗಾರಣ್ಣ, ಇಬ್ಬರೇ. ಅಂಗಾರಣ್ಣ ಮುಂಡಾಸು ತೆಗೆದು ಮುಖ ಒರೆಸಿಕೊಂಡರು. "ಎಂತ ಹೇಳುದು ಮಾರಾಯ್ತಿ. ನನ್ನ ಹೆಂಡತಿಯೇ ಹಪ್ಪಳದ ಹಿಂದೆ ಹೋಗಿದ್ದಾಳೆ. ನಾನು ಯಾವ ಬಾಯಲ್ಲಿ ಬೇರೆಯವರನ್ನು ಕರೆಯುದು?"

"ನಾನು ಕರೀತೇನೆ," ಎಂದು ಮೈಕ್ ಎತ್ತಿಕೊಂಡೆ. "ಇದು ವಾರಿಜಕ್ಕನ ಮದ್ದು, ಬರದಿದ್ರೆ ಅವಳು..."

ಹಿಂದಿನಿಂದ ಅಕ್ಕ ಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡಳು. "ನನ್ನ ಹೆಸ್ರು ಹಾಗೆ ಅದರಲ್ಲಿ ಬಂದ್ರೆ ನಿನ್ನ ನಾಲಗೆ ಕತ್ತರಿಯಲ್ಲಿ ಕತ್ತರಿಸ್ತೇನೆ. ನಾನು ಸಾಯ್ತೇನೆ ಬನ್ನಿ ಅಂತ ಕರೆಯುದಾ? ಅವರಿಗೆ ಗೊತ್ತಿಲ್ವಾ ನಂಗೆ ಕಾಯಿಲೆ ಅಂತ? ಎಲ್ಲ ಗೊತ್ತುಂಟು. ಕರೆದ ಮೇಲೂ ಬರದಿದ್ರೆ ನಾಳೆ ನಾನು ಅವರ ಮುಖ ನೋಡುದು ಹೇಗೆ? ಅವರು ನನ್ನ ಮುಖ ನೋಡುದು ಹೇಗೆ? ಬದುಕಿದಷ್ಟು ದಿನ ಈ ಊರಲ್ಲೇ ಬದುಕ್ಲಿಕ್ಕುಂಟಲ್ಲ."

"ಮತ್ತೆ ಎಂತ ಮಾಡುದು? ಸುಮ್ನೆ ಕೂರುದಾ?"

"ಹೌದು, ಕೂರುದು. ಹೋಗಿ ಮೆಶಿನ್ ತಗೊಂಡು ಬಾ."

ನಾನೂ ಅಂಗಾರಣ್ಣನೂ ಅವಳ ಹೊಲಿಗೆ ಮೆಶಿನ್ ಎತ್ತಿಕೊಂಡು ಬಂದು ದಕ್ಕೆಯ ಬುಡದಲ್ಲಿ ಇಟ್ಟೆವು. ಮದುವೆಯ ತಿಂಗಳು ಅದು, ಕಾಮತರ ಮಗಳದ್ದೇ ಮುಂದಿನ ವಾರ. ಇಡೀ ಊರಿನ ರವಿಕೆ, ಲಂಗ, ಅಂಗಿಗಳೆಲ್ಲ ಅಕ್ಕನ ಗಂಟಿನಲ್ಲಿದ್ದವು. ಅವಳು ಗಂಟು ಬಿಚ್ಚಿ, ಕನ್ನಡಕ ಹಾಕಿಕೊಂಡು, "ಈಗ ಹೇಳು," ಎಂದಳು, "ಟೈಲರ್ ವಾರಿಜ ಉಪ್ಪಿನ ದಡದಲ್ಲಿ ಕೂತಿದ್ದಾಳೆ, ಹೊಲಿಯಲಿಕ್ಕೆ ಕೊಟ್ಟವರು ಇಲ್ಲಿಗೇ ಬಂದು ತಗೊಂಡು ಹೋಗ್ಬೇಕು, ಅಳತೆ ನೋಡದೆ ಕೊಡುದಿಲ್ಲ. ಅಷ್ಟೇ ಹೇಳು. ಒಂದು ಮಾತು ಹೆಚ್ಚು ಹೇಳಿದ್ರೆ ಕತ್ತರಿ ಇಲ್ಲೇ ಉಂಟು."

ಅಷ್ಟೇ ಹೇಳಿದೆ. ನನ್ನ ಜನ್ಮದಲ್ಲಿ ಮೈಕಿನಲ್ಲಿ ಅಷ್ಟು ಕಡಿಮೆ ಮಾತಾಡಿದ್ದು ಅದೊಂದೇ ಸಲ.

ಮೊದಲು ಬಂದವರು ಕಾಮತರ ಹೆಂಡತಿ ಮತ್ತು ಮದುಮಗಳು, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು. "ವಾರಿಜಾ, ಬೇಗ ಕೊಟ್ಟುಬಿಡು ಮಾರಾಯ್ತಿ, ಒಲೆ ಮೇಲೆ ಸಾಂಬಾರ್ ಉಂಟು."

"ಕೊಡ್ತೇನೆ ಬಾಯಮ್ಮ, ಹುಕ್ಕು ಒಂದು ಹಾಕ್ಲಿಕ್ಕುಂಟು. ಒಂದೇ ನಿಮಿಷ, ಕೂತ್ಕೊಳ್ಳಿ."

ಟೈಲರ್‌ಗಳ ಒಂದು ನಿಮಿಷ ಎಷ್ಟು ಉದ್ದ ಎಂದು ಎಲ್ಲರಿಗೂ ಗೊತ್ತಿದೆ. ಅವರು ಕೂತರು. ಬಂದ ಪ್ರತಿಯೊಬ್ಬಳ ರವಿಕೆಗೂ ಹುಕ್ಕು ಮಾತ್ರ ಬಾಕಿ ಇತ್ತು. ಒಬ್ಬಳು ಕೂತಳು, ಅವಳನ್ನು ನೋಡಿ ಇನ್ನೊಬ್ಬಳು ಕೂತಳು. ಊಟದ ಹೊತ್ತಾದರೂ ಹೆಂಡತಿ ಬರಲಿಲ್ಲವೆಂದು ಗಂಡಂದಿರು ಹುಡುಕಿಕೊಂಡು ಬಂದರು, ಅಪ್ಪ ಅಮ್ಮ ಇಬ್ಬರೂ ಇಲ್ಲವೆಂದು ಮಕ್ಕಳು ಬಂದವು, ಮಕ್ಕಳಿರುವಲ್ಲಿಗೆ ಕಡಲೆಕಾಯಿಯವನು ಬಂದ. ಹಿಂದಿನ ದಿನ ನೆಪ ಹೇಳಿ ಹೋದ ಊರು, ಈಗ ನೆಪ ಹಿಡಿದುಕೊಂಡೇ ತಿರುಗಿ ಬರುತ್ತಿತ್ತು. ಯಾರೂ ಯಾರನ್ನೂ ನಿನ್ನೆ ಎಲ್ಲಿದ್ದೆ ಎಂದು ಕೇಳಲಿಲ್ಲ. ನೀರು ಹಿಂದಕ್ಕೆ ಜಾರುವುದು ನಿಂತಿತು. ಅರೆಗಳಿಗೆ ಎಲ್ಲ ಸ್ತಬ್ಧ, ತೆಂಗಿನ ಗರಿಯೂ ಅಲ್ಲಾಡಲಿಲ್ಲ.

ಆದರೆ ಜನ ದಕ್ಕೆಯಿಂದ ಬಹಳ ಹಿಂದೆ, ಗೋದಾಮಿನ ಗೋಡೆಗೆ ಒರಗಿ ಕೂತಿದ್ದರು. ಅಲ್ಲಿ ಕೂತರೆ ಊರು ನಿಲ್ಲುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಡಾಕ್ಟರು ನನ್ನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. "ಜಲಜಾ, ಈ ಪಟ್ಟಿಯಲ್ಲಿ ದೂರದ ಅಂಕಿ ಮಾತ್ರ ಓದಿದ್ದಲ್ವಾ ನೀನು ಮೈಕಲ್ಲಿ? ಮೇಲೆ ಹೊತ್ತಿನ ಅಂಕಿ ಉಂಟು, ನೋಡು. ಹಗಲೂ ರಾತ್ರಿ ಅಲ್ಲೇ ಇರುವವರಿಗೆ ಅಷ್ಟು ದೂರ. ಸ್ವಲ್ಪ ಹೊತ್ತು ಕೂತು ಹೋಗುವವರಿಗೆ ಅಷ್ಟು ಬೇಡ."

ನೋಡಿದೆ, ಹೌದು. ಅಷ್ಟು ಸಲ ಓದಿದ ಪುಟ, ಓಡುವುದು ಎಷ್ಟು ದೂರ ಎಂದು ಓದಿದ್ದೆನೇ ಹೊರತು ಎಷ್ಟು ಹತ್ತಿರ ಬರಬಹುದು ಎಂದು ಓದಿರಲಿಲ್ಲ. ಹಡಗಿನ ಚೀಟಿಯ ಅಂಕಿಯನ್ನು ಕಪ್ತಾನರಿಂದ ಕೇಳಿಕೊಂಡು, ಡಾಕ್ಟರು ಲೆಕ್ಕ ಹಾಕಿ, ಅದಕ್ಕಿಂತ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಹಾಕಿ, ನಾವಿಬ್ಬರೂ ದಡದುದ್ದಕ್ಕೆ ಒಂದು ಹಗ್ಗ ಕಟ್ಟಿದೆವು. ಪೆಟ್ಟಿಗೆ ಇಳಿಯುವಾಗ ದೊಡ್ಡವರು ಹಗ್ಗದ ಈಚೆ ಕೂರಬಹುದು, ಮಕ್ಕಳು, ಬಸುರಿಯರು ಗೋಡೆಯ ಹತ್ತಿರವೇ ಇರಬೇಕು. ಹಗ್ಗ ಮಾತ್ರ ಖಾಲಿ ಗದ್ದೆಯ ಬೇಲಿಯ ಹಾಗೆ ಇತ್ತು. ಯಾರೂ ಮುಂದೆ ಬರಲಿಲ್ಲ.

ಆಗ ಅಪ್ಪಿಯಕ್ಕ ಬಂದರು. ಕೈಯಲ್ಲಿ ಹಪ್ಪಳದ ಹಿಟ್ಟು ಒಣಗಿ ಅಂಟಿಕೊಂಡಿತ್ತು, ಮಾಡಿದ್ದಂತೂ ನಿಜವೇ ಇರಬೇಕು. ಗಂಡನ ಕಡೆ ನೋಡಲಿಲ್ಲ. ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತು, "ನಂದೂ ಹುಕ್ಕು ಬಾಕಿಯಾ?" ಎಂದು ಕೇಳಿದರು.

"ನಿಮ್ಮದು ತೋಳು ಸಹ ಬಾಕಿ."

ಅಪ್ಪಿಯಕ್ಕ ಸ್ವಲ್ಪ ಹೊತ್ತು ಅಕ್ಕನ ಕೈ ನೋಡಿದರು. ಬೇಸಿಗೆಯಲ್ಲಿ ಅಕ್ಕನ ಕೈ ತುಂಬ ಸಣಕಲಾಗಿತ್ತು, ಬಳೆ ಮೊಣಕೈವರೆಗೆ ಏರುತ್ತಿತ್ತು. "ವಾರಿಜಾ," ಎಂದರು ದನಿ ತಗ್ಗಿಸಿ, "ನಿಂಗೆ ಯಾವಾಗ ಶುರು?"

ಅಕ್ಕ ನೂಲನ್ನು ಹಲ್ಲಿನಿಂದ ಕಡಿದಳು. "ಹಡಗು ಬಂದ್ರೆ ಈ ವಾರ."

ಬರದಿದ್ದರೆ ಎಂದು ಯಾರೂ ಕೇಳಲಿಲ್ಲ. ಅಪ್ಪಿಯಕ್ಕ ಎದ್ದರು, ಚಾಪೆ ಸುತ್ತಿ ಬಗಲಲ್ಲಿಟ್ಟುಕೊಂಡರು. ಹೊರಟೇಹೋದರು ಎಂದುಕೊಂಡೆ. ಅವರು ನೆಟ್ಟಗೆ ಹಗ್ಗದವರೆಗೆ ನಡೆದುಹೋಗಿ, ಹಗ್ಗಕ್ಕೆ ಮಂಡಿ ತಾಗುವ ಹಾಗೆ ಚಾಪೆ ಹಾಸಿ ಸಮುದ್ರಕ್ಕೆ ಮುಖ ಮಾಡಿ ಕೂತರು. "ಎಂತ ನೋಡ್ತೀರಿ?" ಎಂದು ಹಿಂದೆ ತಿರುಗಿ ಗದರಿದರು. "ಇಲ್ಲಿ ಗಾಳಿ ಭಾರೀ ಚೆಂದ ಉಂಟು. ಬನ್ನಿ!"

ಚಾಪೆಗಳು ಒಂದೊಂದಾಗಿ ಎದ್ದವು. ಕಾಮತರ ಹೆಂಡತಿ, ಶಾಲೆಯ ಮೇಡಂ, ಮದುಮಗಳೂ ಸಹ. ಹಗ್ಗದುದ್ದಕ್ಕೆ ಮಂಡಿಗಳ ಸಾಲು. ಕಾಲಡಿಯ ನೆಲ ಮೆಲ್ಲಗೆ ಉಸಿರೆಳೆದುಕೊಂಡಂತಾಯಿತು, ಲೋಟದಲ್ಲಿದ್ದ ಚಹಾ ಒಂದು ಬದಿಗೆ ವಾಲಿತು, ಊರು ಮುಂದಕ್ಕೆ ಹೊರಟಿತು. ಆಚೆ ದಡದಿಂದ ಟೆಂಟಿನ ಸ್ಪೀಕರಿನಲ್ಲಿ ವಾಮನಣ್ಣನ ದನಿ ಬಂತು: "ಊರು ಯಾಕೆ ವಾಲ್ತಾ ಉಂಟು? ನಾನೂ ಬರ್ಲಾ?"

"ಬೇಡ ವಾಮನಣ್ಣ!" ಎಂದೆ ಮೈಕಿನಲ್ಲಿ. "ಕಾನೂನು ಪ್ರಕಾರ ಓಡಿದವರು ನೀವು ಒಬ್ರೇ. ಅಲ್ಲೇ ಇರಿ!"

ಸಂಜೆಗೆ ಮುಂಚೆಯೇ ಹಡಗು ದಕ್ಕೆಗೆ ತಾಗಿತು. ಕ್ರೇನಿನ ತುದಿಯಲ್ಲಿ ಪೆಟ್ಟಿಗೆ ತೂಗುತ್ತ ಇಳಿಯಿತು. ಹಳದಿ ಚೀಟಿ ಬಿಸಿಲಲ್ಲಿ ಸೇವಂತಿಗೆಯ ಹಾಗೆ ಕಂಡಿತು. ಡಾಕ್ಟರು ಮೀಟರ್ ಹಿಡಿದು ಹಗ್ಗದುದ್ದಕ್ಕೆ ನಡೆದರು, ಅದು ಆಗೊಮ್ಮೆ ಈಗೊಮ್ಮೆ ಹಲ್ಲಿಯಂತೆ ಲೊಚಗುಟ್ಟಿ ಸುಮ್ಮನಾಯಿತು. ಹಸನಬ್ಬ ಮೆಟ್ಟಿಲಿಳಿದು ಬಂದರು, ಬಿಳಿ ಗಡ್ಡದ ತೆಳ್ಳಗಿನ ಮನುಷ್ಯ. ಅಂಗಾರಣ್ಣ ಕೊಟ್ಟ ಚೊಂಬಿನ ನೀರನ್ನು ನಿಂತೇ ಕುಡಿದು ಮುಗಿಸಿ, ಚೊಂಬನ್ನು ಮತ್ತೆ ಮುಂದೆ ಹಿಡಿದರು.

ಮೆಶಿನ್ನಿಗೆ ಹೊಸ ಕೋಬಾಲ್ಟ್ ಕೂರಿಸಿ, ಅಳತೆ ನೋಡಿ ಮುಗಿಸಲು ಕೆಲವು ದಿನ ಬೇಕಾದವು. ಮೊದಲ ದಿನ ಅಕ್ಕನನ್ನು ಮಂಚದ ಮೇಲೆ ಮಲಗಿಸಿದಾಗ ಡಾಕ್ಟರು ನನ್ನ ಭುಜ ಮುಟ್ಟಿ ಹೊರಗೆ ಹೋಗು ಎಂದರು. ಒಳಗೆ ಯಾರೂ ಇರುವಂತಿಲ್ಲ. ಗೊತ್ತಿದ್ದದ್ದೇ, ದೂರವಿರಬೇಕೆಂದು ಪುಸ್ತಕದಲ್ಲಿ ಓದಿದ ಮಾತೇ, ಆದರೂ ಅವಳ ಕೈ ಬಿಡಿಸಿಕೊಳ್ಳುವಾಗ ಆ ಪುಸ್ತಕದ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ದಪ್ಪ ಬಾಗಿಲು ಮುಚ್ಚಿತು. ನಾನು ಗೋಡೆಗೆ ಕೆನ್ನೆಯಿಟ್ಟು ನಿಂತೆ. ಗೋಡೆ ತಣ್ಣಗಿತ್ತು. ಬಾಗಿಲು ತೆರೆದಾಗ ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಎಂತ ಆಯ್ತು ಒಳಗೆ?"

"ಎಂತದೂ ಇಲ್ಲ. ಬೆಳಕಿಲ್ಲ, ಬಿಸಿಯಿಲ್ಲ, ನೋವಿಲ್ಲ. ಇಷ್ಟಕ್ಕಾ ಊರು ಓಡಿದ್ದು? ನಡಿ, ಕಪ್ತಾನರು ಹೊರಡ್ತಾರಂತೆ."

ಹಳೆಯ ಕೋಬಾಲ್ಟನ್ನು ಅದೇ ಪೆಟ್ಟಿಗೆಯಲ್ಲಿಟ್ಟು ವಾಪಸು ಕಳಿಸಬೇಕು, ಎಲ್ಲೋ ಒಂದು ಕಡೆ ಎಸೆಯುವ ಹಾಗಿಲ್ಲ. ಹಡಗು ಹೋಗುವಾಗಲೂ ಹಳದಿ ಚೀಟಿ ಹೊತ್ತುಕೊಂಡೇ ಹೋಗಬೇಕು. ಡೀಸೆಲ್ಲಿಗೆ ದಾರಿಯ ದೊಡ್ಡ ಬಂದರಿನಲ್ಲಿ ನಿಲ್ಲಲೇಬೇಕು, ಹಿಂದೆ ಕುಡಿಯುವ ನೀರನ್ನೂ ಕೊಡದವರು ಅವರೇ. "ಈ ಸಲವೂ ಬಿಡದಿದ್ರೆ?" ಎಂದು ಡಾಕ್ಟರು ಕೇಳಿದರು. ಹಸನಬ್ಬ ಆಕಾಶದ ಕಡೆ ಕೈ ತೋರಿಸಿ ನಕ್ಕರು. ಹಡಗು ಹಗ್ಗ ಬಿಚ್ಚಿಕೊಂಡು ಹೊರಟಿತು.

ಜನ ಕಳಿಸಿಕೊಡಲು ಬಂದು ಕೂತಿದ್ದರು. ಹಡಗು ಸಣ್ಣದಾಗಬೇಕಿತ್ತು, ಆಗಲಿಲ್ಲ. ಯಾರೂ ಏಳಲಿಲ್ಲ, ಅದಕ್ಕೆ. ಮರುದಿನವೂ ಹಡಗಿನ ಅಂಗಿಗಳು ಅಷ್ಟೇ ಹತ್ತಿರ ಒಣಗುತ್ತಿದ್ದವು. ಕಪ್ತಾನರು ವೈರ್‌ಲೆಸ್‌ನಲ್ಲಿ ಗಾಬರಿಯಾದರು. "ಯಾಕೆ ನನ್ನ ಹಿಂದೆ ಬರ್ತಾ ಇದ್ದೀರಿ ಮಾರಾಯ್ರೆ?"

ಅಂಗಾರಣ್ಣ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, "ನಾವು ಬರ್ತಾ ಇಲ್ಲ," ಎಂದರು. "ಸುಮ್ನೆ ಕೂತದ್ದು."

ಹಾಗೆ ಕೂತುಕೊಂಡೇ ಹೋದೆವು. ಅಡುಗೆ ಅಲ್ಲೇ, ಪಾಠ ಅಲ್ಲೇ, ಕಾಮತರ ಮಗಳ ಮದುವೆಯೂ ಅಲ್ಲೇ ಆಯಿತು, ತಾಳಿ ಕಟ್ಟುವಾಗ ಹಡಗು ಒಮ್ಮೆ ಕೂಗಿತು. ವಾಮನಣ್ಣ ಮದುವೆಯ ಫೋಟೋಗಳನ್ನು ದೂರದಲ್ಲಿ ನಿಂತು ತೆಗೆದರು, ಎಲ್ಲರೂ ಕಡಲೆಕಾಳಿನಷ್ಟು ಬಂದಿದ್ದಾರೆ. ಅಕ್ಕ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಲಗಿ ಬರುತ್ತಿದ್ದಳು, ಕೆಲವು ದಿನ ವಾಂತಿ ಮಾಡಿ ಚಾಪೆಯ ಮೇಲೆ ಮುದುಡಿಕೊಳ್ಳುತ್ತಿದ್ದಳು. ಆಗ ಅಪ್ಪಿಯಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ರವಿಕೆಗೆ ತಾನೇ ವಕ್ರವಕ್ರವಾಗಿ ತೋಳು ಹೊಲಿದುಕೊಳ್ಳುತ್ತಿದ್ದರು. "ಅದು ತೋಳಾ, ಚೀಲವಾ?" ಎಂದು ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು.

ಒಂದು ಮುಂಜಾನೆ ಮಂಜಿನೊಳಗಿಂದ ದೊಡ್ಡ ಬಂದರು ಮೂಡಿತು. ಕಲ್ಲಿನ ಗೋಡೆ, ಗೋಡೆಯ ಮೇಲೆ ಕಾವಲಿನವರು. ಅವರ ಸ್ಪೀಕರ್ ಗುಡುಗಿತು: "ಹಳದಿ ಚೀಟಿಯ ಹಡಗಿಗೆ ಪ್ರವೇಶ ಇಲ್ಲ! ದೂರ ಹೋಗಿ!" ಆಮೇಲೆ ಮಂಜು ಸರಿದು, ಹಡಗಿನ ಹಿಂದೆ ಶಾಲೆ, ಹೋಟೆಲು, ಒಣಹಾಕಿದ ಮೆಣಸು, ಸಾಲು ಚಾಪೆಗಳ ಸಮೇತ ನಾವು ಕಂಡಿರಬೇಕು. ಸ್ಪೀಕರಿನ ದನಿ ತೊದಲಿತು. "ಹಿಂದೆ... ಹಿಂದೆ ಇರುವುದು ಏನು?"

ಉತ್ತರ ಕೊಡಲು ನಾನು ಬಾಯಿ ತೆರೆದೆ. ಅಕ್ಕ ಚಾಪೆಯಿಂದ ಎದ್ದು, ಅಪ್ಪಿಯಕ್ಕನ ಭುಜ ಹಿಡಿದು ನಿಂತು, ಕೈ ಚಾಚಿದಳು. "ಕೊಡು ಇಲ್ಲಿ."

ಮೈಕ್ ಕೊಟ್ಟೆ.

"ಕೇಳ್ತದಾ? ನಾನು ಟೈಲರ್ ವಾರಿಜ. ಹೊಟ್ಟೆಯಲ್ಲಿ ಗಡ್ಡೆ ಉಂಟು, ಮದ್ದು ನಡೀತಾ ಉಂಟು. ಆ ಮದ್ದು ತಂದದ್ದು ಈ ಕಪ್ತಾನರು. ಈಗ ಅವರ ಪೆಟ್ಟಿಗೆಯಲ್ಲಿ ಇರುದು ಅದರ ಮುಂಚಿನದ್ದು, ನಮ್ಮೂರಲ್ಲಿ ಎಷ್ಟೋ ಜನರನ್ನು ಉಳಿಸಿ, ಸುಸ್ತಾಗಿ, ಮನೆಗೆ ಹೊರಟದ್ದು. ನಿಮ್ಮ ಆಸ್ಪತ್ರೆಗೂ ಇಂಥದ್ದೇ ಯಾರೋ ತರ್ಬೇಕಲ್ವಾ? ನಾವು ಇದರ ಪಕ್ಕದಲ್ಲೇ ಕೂತು ಬಂದೆವು, ಎಲ್ಲಿ ಕೂರ್ಬೇಕು ಅಂತ ಪುಸ್ತಕದಲ್ಲಿ ಉಂಟು, ನನ್ನ ತಂಗಿ ಹೇಳ್ತಾಳೆ, ಹೇಳ್ಲಿಕ್ಕೆ ಶುರು ಮಾಡಿದ್ರೆ ಅವಳು ನಿಲ್ಸುದಿಲ್ಲ. ಕಪ್ತಾನರಿಗೆ ಡೀಸೆಲ್ ಬೇಕು, ನೀರು ಬೇಕು. ದಯಮಾಡಿ ಕೊಡಿ. ನಾನು ಕೇಳ್ತಾ ಇದ್ದೇನೆ." ಅವಳು ಒಮ್ಮೆ ಉಸಿರು ತೆಗೆದುಕೊಂಡಳು. "ಕೊಡುವವರೆಗೆ ನಾವು ಇಲ್ಲೇ ಕೂತಿರ್ತೇವೆ. ನಮಗೆ ಅಭ್ಯಾಸ ಉಂಟು."

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಗೋಡೆಯ ಮೇಲೆ ಹತ್ತಿ ಬಂದು, ಕೈಯನ್ನು ಹುಬ್ಬಿನ ಮೇಲಿಟ್ಟು ಅಕ್ಕನನ್ನು ನೋಡಿದಳು. ಅವಳ ಹಿಂದೆ ಇನ್ನೊಬ್ಬ ಬಂದ, ಹೆಗಲ ಮೇಲೆ ಮಗು. ಆಮೇಲೆ ಬಹಳ ಜನ ಬಂದರು. ಅಷ್ಟು ಜನ ಒಂದು ಬದಿಗೆ ಸೇರಿದರೂ ಅವರ ಊರು ಕದಲಲಿಲ್ಲ, ನಿಂತಲ್ಲೇ ನಿಲ್ಲುವ ಊರಂತೆ ಅದು, ಪಾಪ. ಹಾಗಾಗಿ ಅವರು ನೀರು, ಡೀಸೆಲ್ ತುಂಬಿಸಿ ಒಂದು ದೋಣಿ ಕಳಿಸಬೇಕಾಯಿತು.